ದೊಡ್ಡಕ್ಕನಿಗೆ ಮೇಕರ್ ಇಲ್ಲ

ಮಾರ್ಚ್ 5, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ವಾದ್ಯದಂಗಡಿಗಳ ನಾಗ್ವೊನ್ ಸಂಕೀರ್ಣದ ಎರಡನೇ ಮಹಡಿ, ಮಾ ಸಾಹುಕಾರರ ಗಿಟಾರ್ ಅಂಗಡಿ. ನಾಗ್ವೊನ್ ಅಂದರೆ ಸ್ವರ್ಗ. ಈ ಸ್ವರ್ಗದ ಹೊಟ್ಟೆಯ ಕೆಳಗೆ ಬಸ್ಸುಗಳು ಓಡಾಡುತ್ತವೆ, ನೆಲಮಾಳಿಗೆಯಲ್ಲಿ ಮೀನು ಮಾರುತ್ತಾರೆ. ಇರಲಿ. ಹನ್ನೊಂದು ವರ್ಷ ಹಂದಿತಲೆ ಸಾರಿನ ಹೋಟೆಲಿನಲ್ಲಿ ಪಾತ್ರೆ ತಿಕ್ಕಿದ ಕೈಗೆ ಮತ್ತೆ ತಂತಿ ಸಿಕ್ಕಿತು. ಐವತ್ತಮೂರನೇ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಸ್ವರ್ಗ ನನಗೆ ಯಾರು ಕೊಡುತ್ತಾರೆ.

ಹೋಟೆಲಿಗೆ ಮುಂಚೆ ಇಪ್ಪತ್ತೆರಡು ವರ್ಷ ಇಂಚೆಯೊನ್ನಿನ ಗಿಟಾರ್ ಕಾರ್ಖಾನೆಯಲ್ಲಿದ್ದೆ. ಕೊನೆಯ ಮೇಜು ನನ್ನದು. ತಂತಿ ಕಟ್ಟಬೇಕು, ಶ್ರುತಿ ಮಾಡಬೇಕು, ಕಿವಿಗೊಟ್ಟು ಕೇಳಿ ಪಾಸು ಮಾಡಬೇಕು. ಪ್ರತಿ ಗಿಟಾರಿನ ಜೊತೆ ಒಂದು ಚೀಟಿ ಬರುತ್ತಿತ್ತು, ಅದರಲ್ಲಿ ಎರಡು ಖಾಲಿ ಜಾಗ. ಮಾಡಿದವರು. ಕೇಳಿದವರು. ಎರಡನೆಯ ಜಾಗದಲ್ಲಿ ಇಪ್ಪತ್ತೆರಡು ವರ್ಷ ನನ್ನ ಹೆಸರು ಬಿದ್ದಿದೆ: ಒಕ್ ಬೊಕ್‌ಹಿ. ಆಮೇಲೆ ಚೀಟಿ ಹರಿದು ಬುಟ್ಟಿಗೆ ಹಾಕಿ, ಗಿಟಾರಿನ ತಲೆಗೆ ಹೊರದೇಶದ ಹೆಸರು ಅಂಟಿಸಿ ಹಡಗು ಹತ್ತಿಸುತ್ತಿದ್ದರು.

ಸಾಹುಕಾರರು ಮೊದಲ ಪಾಠ ಹೇಳಿದರು. "ಬೊಕ್‌ಹಿಯಮ್ಮ, ಗಿರಾಕಿ ಬಂದ್ರೆ ಯಾವ ನಾದ ಬೇಕು ಅಂತ ಕೇಳ್ಬೇಡಿ. ಅವ್ರಿಗೇ ಗೊತ್ತಿರಲ್ಲ, ಪಾಪ, ಅವಮಾನ ಆಗುತ್ತೆ. ಯಾವ ಮೇಕರ್ ನೋಡ್ತಿದೀರಿ ಅಂತ ಕೇಳಿ."

ನಮ್ಮಲ್ಲಿ ಮೇಕರ್ ಅಂದರೆ ಮಾಡಿದವನಲ್ಲ, ದೊಡ್ಡ ಹೆಸರು. ಮೇಕರ್ ಬೂಟು, ಮೇಕರ್ ಕೋಟು, ಮೇಕರ್ ಗಿಟಾರ್. ಹೆಸರಿಲ್ಲದ ಸಾಮಾನಿಗೆ ಮೇಕರ್ ಇಲ್ಲ ಅನ್ನುತ್ತಾರೆ, ಅದು ಆಕಾಶದಿಂದ ಉದುರಿತೋ ಎಂಬಂತೆ.

ಮೂರು ತಿಂಗಳು ನನ್ನನ್ನು ನೋಡುತ್ತಾರಂತೆ. ಮಾರಾಟ ಬಂದರೆ ಕಾಯಂ, ಇಲ್ಲದಿದ್ದರೆ ಮತ್ತೆ ಹಂದಿತಲೆ.

ಮಾರ್ಚ್ 19, ಸೋಮವಾರ

ಪ್ಯೊ ಮೇಸ್ತ್ರಿ ಬಂದಿದ್ದರು! ಕಾರ್ಖಾನೆಯಲ್ಲಿ ಮರದ ವಿಭಾಗಕ್ಕೆ ಅವರೇ ಮೇಸ್ತ್ರಿ. ಬೀಗ ಬಿದ್ದ ದಿನ ಗೇಟಿನ ಹೊರಗೆ ನಮಗೆಲ್ಲ ನೂಡಲ್ಸ್ ಬೇಯಿಸಿ ಹಾಕಿದವರು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಎಡಗಿವಿ ಕೇಳಿಸುವುದಿಲ್ಲ, ಮರ ಕೊಯ್ಯುವ ಯಂತ್ರದ ಸದ್ದು ತಿಂದುಹಾಕಿತು.

ಬೆನ್ನ ಮೇಲೆ ತಮ್ಮದೇ ಗಿಟಾರ್. ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಈ ಮಹಡಿಯ ಹನ್ನೊಂದು ಅಂಗಡಿ ಸುತ್ತಿದ್ದರು. ಒಬ್ಬ ಕಲ್ಲಂಗಡಿ ಹಣ್ಣು ನೋಡುವ ಹಾಗೆ ಬೆರಳಿನಿಂದ ತಟ್ಟಿ ವಾಪಸು ಕೊಟ್ಟನಂತೆ. ಇನ್ನೊಬ್ಬ ಪೆಟ್ಟಿಗೆ ತೆರೆಯುವುದಕ್ಕೇ ಬಿಡಲಿಲ್ಲವಂತೆ, ಹೆಸರಿಲ್ಲದ್ದು ಗೋಡೆಗೆ ತೂಗುಹಾಕಿದರೆ ಅಂಗಡಿ ಮುಳುಗುತ್ತಿದೆ ಅಂತ ಗಿರಾಕಿಗಳು ಅಂದುಕೊಳ್ಳುತ್ತಾರಂತೆ. ಇದನ್ನೆಲ್ಲ ಮೇಸ್ತ್ರಿ ಬೇರೆ ಯಾರದೋ ಕಥೆಯ ಹಾಗೆ ನಗುತ್ತ ಹೇಳಿದರು.

ಗಿಟಾರ್ ನೋಡಿದರೆ ನಿಜಕ್ಕೂ ವಿಚಿತ್ರ. ಮುಖದ ಹಲಗೆ ಓದೊಂಗ್ ಮರದ್ದು. ಆ ಮರದಲ್ಲಿ ನಮ್ಮವರು ಹಳೇ ಕಾಲದಿಂದ ಗಾಯಗೆಮ್ ಎಂಬ ತಂತಿವಾದ್ಯ ಮಾಡುತ್ತಾರೆ, ಮಗಳ ಮದುವೆಗೆ ಪೆಟ್ಟಿಗೆ ಮಾಡುತ್ತಾರೆ, ಗಿಟಾರ್ ಯಾರೂ ಮಾಡುವುದಿಲ್ಲ. ತೂತು ಹೊಟ್ಟೆಯ ನಡುವೆ ಇಲ್ಲ, ಮೇಲೆ ಭುಜದ ಹತ್ತಿರ, ನುಡಿಸುವವನ ಮುಖಕ್ಕೆ ತಿರುಗಿದೆ. ತಲೆ ಬೋಳು, ಒಂದಕ್ಷರವೂ ಇಲ್ಲ.

"ಮೇಕರ್ ಯಾವ್ದು?" ಅಂದರು ಸಾಹುಕಾರರು.

"ನಾನೇ."

"ನೀವಲ್ಲಪ್ಪ. ಮೇಕರ್, ಮೇಕರ್!"

"ನಾನೇ ಮಾಡಿದ್ದು, ಸಾಹುಕಾರ್ರೇ. ಹೆಸ್ರು ಒಳಗಡೆ ಬರ್ದಿದೀನಿ, ಪೆನ್ಸಿಲ್‌ನಲ್ಲಿ."

ಸಾಹುಕಾರರು ಪಕ್ಕದ ಅಂಗಡಿಯವನನ್ನು ಕೂಗಿ ಕರೆದು ಇದನ್ನು ಮತ್ತೊಮ್ಮೆ ಹೇಳಿಸಿದರು. ಇಬ್ಬರೂ ಮೇಜು ಕುಟ್ಟಿಕೊಂಡು ನಕ್ಕರು. ಮೇಸ್ತ್ರಿ ಎಡಗಿವಿ ಅವರ ಕಡೆಗಿಟ್ಟು ನಿಂತಿದ್ದರು. ಬೇಕೆಂದೇ ಹಾಗೆ ನಿಂತಿದ್ದರು ಅನ್ನಿಸಿತು. ನನಗೆ ಆ ಇಬ್ಬರ ಮೇಲೆ ತಡೆಯಲಾಗದ ಸಿಟ್ಟು ಬಂತು.

ಅವರು ನಗುತ್ತಿದ್ದಾಗ ನಾನು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ಸ್ವರ ಎಳೆದೆ. ಎದೆಯೊಳಕ್ಕೆ ಬಂದು ಕೂತಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಜಿಗೆ ಬಂದ ಒಂದು ಗಿಟಾರೂ ಹೀಗೆ ನುಡಿದಿರಲಿಲ್ಲ. ಸುಳ್ಳಲ್ಲ, ಕಣ್ಣಲ್ಲಿ ನೀರು ಬಂತು.

ಸಾಹುಕಾರರಿಗೆ ದುಂಬಾಲು ಬಿದ್ದೆ. ಕೊನೆಗೆ "ಇಟ್ಕೊಳ್ಳಿ, ಆದ್ರೆ ಗೋಡೆಗಲ್ಲ, ನೆಲದ ಮೇಲೆ" ಅಂದರು.

ಮೆಟ್ಟಿಲ ಹತ್ತಿರ ಬಿಡಲು ಹೋದಾಗ ಮೇಸ್ತ್ರಿ ಹೇಳಿದರು. "ಇನ್ನೂ ಆರು ಮಾಡಿಟ್ಟಿದೀನಿ, ಬೊಕ್‌ಹಿ. ಸೆಪ್ಟೆಂಬರಿನ ಚುಸೊಕ್ ಸುಗ್ಗಿ ಹಬ್ಬದೊಳ್ಗೆ ಇದೊಂದು ಯಾರ ಕೈಗಾದ್ರೂ ಹೋದ್ರೆ ಗಿಟಾರ್ ಮಾಡೋ ಬೆಂಚು ಬಿಡಲ್ಲ. ಹೋಗ್ಲಿಲ್ವಾ, ಬಾವಮೈದ ಅಪಾರ್ಟ್‌ಮೆಂಟಲ್ಲಿ ವಾಚ್‌ಮನ್ ಕೆಲ್ಸ ಹಿಡ್ದಿಟ್ಟಿದಾನೆ. ಒಂದೇ ಒಂದು ಹೋದ್ರೆ ಸಾಕು ಕಣೇ."

ಹೋಗುತ್ತದೆ ಅಂದೆ. ನಾನು ಮಾರುತ್ತೇನೆ ಅಂದೆ.

ಏಪ್ರಿಲ್ 2, ಸೋಮವಾರ

ಯಾರೂ ಮುಟ್ಟಿಲ್ಲ. ನಾನು ಎತ್ತಿ ಕೊಟ್ಟರೆ ತಲೆ ತಿರುಗಿಸಿ ಹೆಸರು ಹುಡುಕುತ್ತಾರೆ, ಇಲ್ಲದಿದ್ದಾಗ ಕೈ ಸುಟ್ಟವರ ಹಾಗೆ ಕೆಳಗಿಡುತ್ತಾರೆ. ಇವತ್ತೊಬ್ಬ ಹೇಳಿದ, "ಚೆನ್ನಾಗೇ ಇದೆ, ಆದ್ರೆ ಫ್ರೆಂಡ್ಸ್ ಕೇಳಿದ್ರೆ ಏನಂತ ಹೇಳ್ಲಿ?"

ಮೇಸ್ತ್ರಿ ಬಂದಿದ್ದರು. ಇನ್ನು ಪ್ರತಿ ತಿಂಗಳ ಮೊದಲ ಸೋಮವಾರ ಬರುತ್ತಾರಂತೆ. ಆಕ್ರೋಟಿನ ಬಿಸಿ ಬಿಸ್ಕತ್ತು ತಂದಿದ್ದರು. "ಯಾರಾದ್ರೂ ಕೈಗೆತ್ಕೊಂಡ್ರಾ?" ಅಂದರು. ಇನ್ನೂ ಇಲ್ಲ ಮೇಸ್ತ್ರಿ ಅಂದೆ. ಬಿಸ್ಕತ್ತು ತಿನ್ನದೆ ಹಾಗೇ ಇಟ್ಟೆ.

ಏಪ್ರಿಲ್ 27

ಸಾಹುಕಾರರು ಕೂರಿಸಿಕೊಂಡು ಬೈದರು. ಎರಡು ತಿಂಗಳಾಗುತ್ತ ಬಂತು, ನಾನು ಮಾರಿದ್ದು ಎರಡು ಗಿಟಾರ್ ಬೆಲ್ಟು, ಒಂದು ಶ್ರುತಿ ಯಂತ್ರ. "ಆ ಬೋಳುತಲೆದನ್ನ ಎಲ್ರ ಮುಂದೆ ಹಿಡೀತಾ ಕೂತ್ರೆ ಇನ್ನೇನಾಗುತ್ತೆ? ನೀವು ಇಲ್ಲಿ ಕೆಲ್ಸ ಮಾಡ್ತಿದೀರೋ, ಸಮಾಜಸೇವೆನೋ?" ಹೋಟೆಲಿನ ಯಜಮಾನಿ ನನ್ನ ಜಾಗಕ್ಕೆ ಇನ್ನೂ ಯಾರನ್ನೂ ಇಟ್ಟುಕೊಂಡಿಲ್ಲವೆಂದು ಅವರೇ ವಿಚಾರಿಸಿಕೊಂಡು ಬಂದಿದ್ದಾರೆ. ಎಂಥ ಕಾಳಜಿ.

ಮೇ 10, ಗುರುವಾರ

ಇವತ್ತು ಮಾರಿದೆ. ಮೇಸ್ತ್ರಿಯದ್ದಲ್ಲ, ಗೋಡೆಯ ಮೇಲಿನ ಸಾಲಿನದ್ದು, ದೊಡ್ಡ ಮೇಕರ್.

ಆದದ್ದು ಹೀಗೆ. ಬ್ಯಾಂಕಿನ ನೌಕರನೊಬ್ಬ ಬಂದ. ಗೋಡೆಯ ಗಿಟಾರ್ ಇಳಿಸುವಷ್ಟರಲ್ಲಿ ಕಾಯಲು ಬೇಸರವಾಗಿ ನೆಲದ ಮೇಲಿದ್ದ ಮೇಸ್ತ್ರಿಯ ಗಿಟಾರನ್ನು ತಾನೇ ಎತ್ತಿಕೊಂಡು ಟಿಣ್ ಟಿಣ್ ಅನ್ನಿಸಿದ. ಮಾರ್ಚಿನಿಂದ ತಂತಿ ಬದಲಿಸಿರಲಿಲ್ಲ, ನೆಲದ ತೇವಕ್ಕೆ ತುಕ್ಕು ಹಿಡಿದಿದ್ದವು. ಮುಖ ಸಿಂಡರಿಸಿದ. ಆಮೇಲೆ ಹೊಸ ತಂತಿಯ ಮೇಕರ್ ಗಿಟಾರ್ ಕೊಟ್ಟೆ. ಮೊದಲ ಸ್ವರಕ್ಕೇ ಅವನ ಹುಬ್ಬು ಮೇಲೇರಿತು. "ಅಬ್ಬಾ, ಎಷ್ಟು ವ್ಯತ್ಯಾಸ!" ಅಂದ. ಹತ್ತು ನಿಮಿಷದಲ್ಲಿ ಹೆಗಲಿಗೆ ಹಾಕಿಕೊಂಡು ಹೋದ.

ಸಾಹುಕಾರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೊಕ್‌ಹಿಯಮ್ಮ, ಇದು ವಿದ್ಯೆ ಕಣ್ರೀ!" ಅಂದರು. "ಹೆಣ್ಣು ನೋಡೋಕೆ ಬಂದಾಗ ಪಕ್ಕದಲ್ಲಿ ದೊಡ್ಡಕ್ಕನ್ನ ಕೂರ್ಸ್ತಾರಲ್ಲ, ಹಾಗೆ! ಅವ್ಳನ್ನ ನೋಡಿದ್ಮೇಲೆ ತಂಗಿ ರಂಭೆ ಥರ ಕಾಣ್ಬೇಕು!"

ಪಕ್ಕದ ಅಂಗಡಿಯವನೂ ಸೇರಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಂಗಿಯನ್ನು ನೋಡಲು ಬಂದ ದಿನ ಅಮ್ಮ ನನ್ನನ್ನು ಪಕ್ಕದಲ್ಲೇ ಕೂರಿಸಿದ್ದಳು. ನೀನೂ ಬಾ, ಹಣ್ಣು ಹೆಚ್ಚಿಕೊಡು ಅಂದಿದ್ದಳು. ಯಾಕೆಂದು ಇವತ್ತಿನವರೆಗೂ ಯೋಚಿಸಿರಲಿಲ್ಲ.

ಮೇ 18

ಮತ್ತೆ ಎರಡು ಹೋದವು. ಮೊದಲು ಮೇಸ್ತ್ರಿಯ ಗಿಟಾರ್ ಕೊಡುತ್ತೇನೆ, "ಇದು ಕೈಯಲ್ಲಿ ಮಾಡಿದ್ದು, ಬೇರೆ ಥರ" ಅನ್ನುತ್ತೇನೆ. ಸುಳ್ಳೇನೂ ಹೇಳುವುದಿಲ್ಲ. ಒಬ್ಬರಾದರೂ ಇಷ್ಟಪಡಲಿ ಎಂದೇ ಕೊಡುತ್ತೇನೆ. ಇಷ್ಟಪಡದಿದ್ದರೆ ಅದು ನನ್ನ ತಪ್ಪೇ?

ಮೇ 26

ಮೂರು.

ಜೂನ್ 4, ಸೋಮವಾರ

ಕಾಯಂ ಮಾಡಿದರು! ವಿಸಿಟಿಂಗ್ ಕಾರ್ಡು ಮಾಡಿಸಿ ಕೊಟ್ಟರು. ದಪ್ಪ ಕಾಗದ, ಉಬ್ಬಿದ ಅಕ್ಷರ: ಒಕ್ ಬೊಕ್‌ಹಿ, ಮ್ಯಾನೇಜರ್. ಜನ್ಮದಲ್ಲಿ ನನ್ನ ಹೆಸರು ಅಚ್ಚಾದದ್ದು ಇದೇ ಮೊದಲು.

ಮೇಸ್ತ್ರಿ ಬಂದಾಗ ಮೊದಲ ಕಾರ್ಡು ಅವರಿಗೇ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ದೂರ ಇಟ್ಟು, ಹತ್ತಿರ ತಂದು ಓದಿದರು. "ನಮ್ಮ ಕೊನೇ ಮೇಜಿನ ಬೊಕ್‌ಹಿ ಮ್ಯಾನೇಜರ್!" ಅಂತ ಪಕ್ಕದ ಅಂಗಡಿಗೂ ಕೇಳುವ ಹಾಗೆ ಕೂಗಿದರು, ಕಿವಿ ಮಂದವಾದವರು ಕೂಗುವ ಹಾಗೆ. ನನಗೆ ಸ್ವಲ್ಪ ನಾಚಿಕೆಯಾಯಿತು. ಸಾಹುಕಾರರ ಮುಂದೆ ಕಾರ್ಖಾನೆಯ ಮಾತು ಯಾಕೆ ಎತ್ತಬೇಕು.

"ಯಾರಾದ್ರೂ ಕೈಗೆತ್ಕೊಂಡ್ರಾ?"

"ಈಗ ಎಲ್ರೂ ಎತ್ಕೋತಾರೆ, ಮೇಸ್ತ್ರಿ. ಬಂದೋರೆಲ್ಲ ಮೊದ್ಲು ಅದನ್ನೇ ನುಡಿಸ್ತಾರೆ."

ಇದು ಸತ್ಯ. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಜೇಬಿನಿಂದ ಹೊಸ ತಂತಿಯ ಪೊಟ್ಟಣ ತೆಗೆದರು, ಈಗಲೇ ಕಟ್ಟಿಬಿಡುತ್ತೇನೆ, ಅಷ್ಟು ಜನ ನುಡಿಸಿದರೆ ತಂತಿ ಸವೆದಿರುತ್ತದೆ ಅಂದರು. ಗಿರಾಕಿ ಬರುವ ಹೊತ್ತು, ನಾನೇ ಕಟ್ಟುತ್ತೇನೆ ಅಂತ ಹೇಳಿ ಪೊಟ್ಟಣ ತೆಗೆದುಕೊಂಡು ಡ್ರಾಯರಿನಲ್ಲಿಟ್ಟೆ. ನಾಳೆ ಕಟ್ಟಬೇಕು.

ಜೂನ್ 16

ಶನಿವಾರ ಜನ ಜಾಸ್ತಿ, ತಂತಿ ಕಟ್ಟಲು ಪುರುಸೊತ್ತಿಲ್ಲ. ಮುಂದಿನ ವಾರ ನೋಡೋಣ. ಈಗ ಅಂಗಡಿಯಲ್ಲಿ ಎಲ್ಲರೂ ಅದನ್ನು ದೊಡ್ಡಕ್ಕ ಅಂತಲೇ ಕರೆಯುತ್ತಾರೆ. ಗಿರಾಕಿ ಕೂತ ಕೂಡಲೇ ಸಾಹುಕಾರರು "ದೊಡ್ಡಕ್ಕನ್ನ ಕರೀರಿ" ಅನ್ನುತ್ತಾರೆ. ಗಿರಾಕಿಗೆ ಏನೂ ತಿಳಿಯುವುದಿಲ್ಲ, ನಾವು ಮುಖ ಬಿಗಿಹಿಡಿದುಕೊಂಡಿರಬೇಕು. ಇವತ್ತು ನನಗೂ ತಡೆಯಲಾಗದೆ ಒಳಗೆ ಹೋಗಿ ನಕ್ಕುಬಂದೆ.

ಜುಲೈ 9

ಮಳೆ ಹಿಡಿದಿದೆ. ವಿಚಿತ್ರ ನೋಡಿ, ಈ ಒದ್ದೆ ಹವೆಗೆ ಗೋಡೆಯ ಗಿಟಾರುಗಳೆಲ್ಲ ಮಂಕಾಗಿವೆ, ದೊಡ್ಡಕ್ಕ ಮಾತ್ರ ತುಕ್ಕುತಂತಿಯಲ್ಲೂ ಸ್ವರ ಬಿಟ್ಟುಕೊಡುತ್ತಿದ್ದಾಳೆ. ನಿನ್ನೆ ಒಬ್ಬ ಗಿರಾಕಿ ಮೇಕರ್ ಗಿಟಾರ್ ನುಡಿಸಿ, ಮತ್ತೆ ದೊಡ್ಡಕ್ಕನನ್ನು ತೆಗೆದುಕೊಂಡು, ಅನುಮಾನದಲ್ಲಿ ಎದ್ದುಹೋಗಿಬಿಟ್ಟ. ಸಾಹುಕಾರರು ನನ್ನನ್ನು ಒಂಥರಾ ನೋಡಿದರು.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ತಂತಿ ಸಡಿಲಿಸಿ, ಹಲಗೆಗೆ ಅಂಟಿಸಿದ ಕುದುರೆಯ ಮೇಲೆ ತಂತಿ ಕೂರುತ್ತದಲ್ಲ, ಆ ಮೂಳೆಯ ಪಟ್ಟಿ ಎತ್ತಿ, ಅಡಿಗೆ ಕಾಗದ ಮಡಿಸಿಟ್ಟೆ. ಕೈಗೆ ಸಿಕ್ಕಿದ್ದು ನನ್ನದೇ ಕಾರ್ಡು, ದಪ್ಪವಾಗಿ ಸರಿಹೋಯಿತು. ಈಗ ತಂತಿ ಮೇಲೆದ್ದಿದೆ, ಒತ್ತಿದರೆ ಬೆರಳು ಕೊಯ್ಯುತ್ತದೆ, ನಾದ ಕಂಬಳಿ ಹೊದ್ದ ಹಾಗಾಗಿದೆ. ಬರೀ ಮಳೆಗಾಲಕ್ಕೆ. ಮುಗಿದ ಮೇಲೆ ತೆಗೆದುಬಿಡುತ್ತೇನೆ.

ಜುಲೈ 21

ಒಂದೇ ದಿನ ನಾಲ್ಕು.

ಆಗಸ್ಟ್ 6, ಸೋಮವಾರ

ಮೇಸ್ತ್ರಿ ಬಂದರು, ಗಿರಾಕಿ ಇದ್ದರು, ಸರಿಯಾಗಿ ಮಾತಾಡಲಾಗಲಿಲ್ಲ. ಬಾಗಿಲ ಬಳಿ ಅರ್ಧ ಗಂಟೆ ನಿಂತಿದ್ದರು. ಅವರಿಗೆ ಒಂದು ಕುರ್ಚಿ ಕೊಡಬಹುದಿತ್ತು, ಆದರೆ ಆ ಕೆಲಸದ ಬಟ್ಟೆಯಲ್ಲಿ ಅಂಗಡಿ ನಡುವೆ ಕೂತರೆ ಚೆನ್ನಾಗಿರುವುದಿಲ್ಲ. ಪೀಚ್ ಹಣ್ಣು ಕೊಟ್ಟು ಹೋದರು. ಹಣ್ಣು ಹದವಾಗಿತ್ತು, ಎಲ್ಲರೂ ತಿಂದೆವು.

ಆಗಸ್ಟ್ 23, ಗುರುವಾರ

ತಲೆನೋವಿನ ದಿನ. ಪ್ರೈಮರಿ ಶಾಲೆಯ ಟೀಚರ್ ಒಬ್ಬಳು ಬಂದಳು, ಮೂವತ್ತರ ಒಳಗಿನ ವಯಸ್ಸು. ಎಂದಿನಂತೆ ದೊಡ್ಡಕ್ಕನನ್ನು ಕೊಟ್ಟೆ. ಆಮೇಲೆ ಮೇಕರ್ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ದೊಡ್ಡಕ್ಕನನ್ನೇ ತಗೊಂಡಳು. ಬೆರಳ ತುದಿ ಕೆಂಪಾದರೂ ಬಿಡಲಿಲ್ಲ.

"ಮೇಡಂ, ಇದು ಪಕ್ಕದ ಕೋಣೇಲಿ ಯಾರೋ ನಮ್ಮೋರು ಮಾತಾಡ್ತಿರೋ ಹಾಗಿದೆ. ಯಾಕೋ ಅವ್ರ ಬಾಯಿಗೆ ಬಟ್ಟೆ ತುರುಕಿದಾರೆ ಅನ್ಸುತ್ತೆ. ತಂತಿ ಬದಲಾಯ್ಸಿ ಕೊಡ್ತೀರಾ? ಇದೇ ಇರ್ಲಿ ನಂಗೆ."

ಇವಳ ಕಿವಿಗಿಷ್ಟು. ಸಾಹುಕಾರರು ಗಲ್ಲಾದ ಹಿಂದಿನಿಂದ ಕಣ್ಣಲ್ಲೇ ಬೇಡ ಅಂದರು. ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ದೊಡ್ಡಕ್ಕ ಹೋದರೆ ನಾಳೆಯಿಂದ ಗಿರಾಕಿಗೆ ಮೊದಲು ಏನು ಕೊಡಲಿ?

"ನೋಡಮ್ಮ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ," ಅಂದೆ. "ಇದು ಓದೊಂಗ್ ಮರ. ಚಳಿಗಾಲ ಬಂದ್ರೆ ಅಂಟು ಬಿಡುತ್ತೆ, ಹಲಗೆ ಸೀಳುತ್ತೆ. ಮಾಡಿದೋರು ಯಾರೋ, ಎಲ್ಲಿದಾರೋ. ರಿಪೇರಿಗೆ ಯಾರ ಹತ್ರ ಹೋಗ್ತೀಯ? ಮಕ್ಕಳ ಮುಂದೆ ನುಡಿಸ್ತಿರುವಾಗ ಬಾಯಿ ಬಿಟ್ಕೊಂಡ್ರೆ?"

ತುಂಬಾ ಹೊತ್ತು ಅದರ ಬೆನ್ನು ಸವರುತ್ತ ಕೂತಿದ್ದಳು. ಕೊನೆಗೆ ಮೇಕರ್ ತೆಗೆದುಕೊಂಡಳು. ಹೋಗುವಾಗ ದೊಡ್ಡಕ್ಕನ ಕಡೆ ತಿರುಗಿ ನೋಡಿದಳು, ನನ್ನ ಕಡೆ ನೋಡಲಿಲ್ಲ. ಇರಲಿ, ಮುಂದೆ ನನ್ನನ್ನು ನೆನೆಸಿಕೊಳ್ಳುತ್ತಾಳೆ. ಓದೊಂಗ್ ನಿಜಕ್ಕೂ ಮೆತ್ತನೆಯ ಮರ, ಏನು ಬೇಕಾದರೂ ಆಗಬಹುದಿತ್ತು.

ಸೆಪ್ಟೆಂಬರ್ 3, ಸೋಮವಾರ

ಮೇಸ್ತ್ರಿ ಇವತ್ತು ಏನೂ ತಂದಿರಲಿಲ್ಲ. ಬಲಗಿವಿ ನನ್ನ ಕಡೆಗೆ ತಿರುಗಿಸಿ ಕೂತರು.

"ಹಬ್ಬಕ್ಕೆ ಮೂರು ವಾರ ಉಳೀತು, ಬೊಕ್‌ಹಿ. ಎಲ್ರೂ ನುಡಿಸ್ತಾರೆ ಅಂತೀಯ. ಒಬ್ರಿಗೂ ಬೇಡ ಅಂತೀಯ. ಒಬ್ರೇ ಒಬ್ರು ಕೇಳ್ಲಿಲ್ವಾ?"

"ಇಲ್ಲ, ಮೇಸ್ತ್ರಿ."

"ಹಾಗಾದ್ರೆ ಗಿಟಾರೇ ಸರಿಯಿಲ್ಲ ಅಂತಾಯ್ತು. ನನ್ನ ಕಿವಿ ಈಗ ನಂಬೋ ಹಾಗಿಲ್ಲ. ಒಳ್ಳೇದಿದೆ ಅಂತ ನಾನೇ ಅಂದ್ಕೊಂಡಿರ್ಬೋದು. ನಿನ್ನ ಕಿವಿ ಸುಳ್ಳು ಹೇಳಲ್ಲ. ಕಾರ್ಖಾನೇಲಿ ನೀನು ಬೇಡ ಅಂದಿದ್ದನ್ನ ನಾನು ಒಂದಿನಾನೂ ವಾದ ಮಾಡ್ದೆ ಮುರ್ದಿದೀನಿ. ಹೇಳು. ಹೇಗಿದೆ?"

ಸಾಹುಕಾರರು ಪಕ್ಕದಲ್ಲೇ ನಿಂತು ಏನೂ ಕೇಳಿಸದವರ ಹಾಗೆ ಕನ್ನಡಕ ಒರೆಸುತ್ತಿದ್ದರು. ನಾನು ದೊಡ್ಡಕ್ಕನನ್ನು ಎತ್ತಿಕೊಂಡು ಒಂದು ಸ್ವರ ಎಳೆದೆ. ನಿಜ ಹೇಳಬೇಕೆಂದರೆ, ಈಗ ಅದು ಚೆನ್ನಾಗಿಲ್ಲ. ಯಾರು ಕೇಳಿದರೂ ಹಾಗೇ ಅನ್ನುತ್ತಾರೆ.

"ಚೆನ್ನಾಗಿಲ್ಲ, ಮೇಸ್ತ್ರಿ. ಓದೊಂಗ್ ಗಿಟಾರಿಗೆ ಆಗ್ಬರಲ್ಲ."

ತಲೆಯಾಡಿಸಿದರು. ಎರಡು ಸಲ. "ನೀನು ಹೇಳಿದ್ಮೇಲೆ ಮುಗೀತು," ಅಂದರು. ಅವರ ಮುಖದಲ್ಲಿ ಒಂಥರಾ ನಿರಾಳ ಕಂಡಿತು. ನನಗೂ ನಿರಾಳವಾಯಿತು. ಎಷ್ಟು ದಿನ ಆ ಮುದುಕರನ್ನು ಆಸೆಯಲ್ಲಿ ಇಡುವುದು. ಒಬ್ಬರಾದರೂ ನೇರವಾಗಿ ಹೇಳಬೇಕಿತ್ತು.

ಸೆಪ್ಟೆಂಬರ್ 20, ಗುರುವಾರ

ಹಬ್ಬದ ಮುಂಚಿನ ರಶ್ಶು. ಅದರ ನಡುವೆ ಮೇಸ್ತ್ರಿ ಬಂದರು, ಸೋಮವಾರವಲ್ಲದ ದಿನ. ಪೈನ್ ಎಲೆಯ ಮೇಲೆ ಬೇಯಿಸಿದ ಅಕ್ಕಿ ಕಡುಬು ಒಂದು ಡಬ್ಬಿ ತಂದಿದ್ದರು. ವಾಚ್‌ಮನ್ ಕೆಲಸಕ್ಕೆ ಒಪ್ಪಿಕೊಂಡಾಯಿತು, ಹಬ್ಬ ಮುಗಿದ ಮೇಲೆ ಸೇರಬೇಕಂತೆ.

"ಮನೇಲಿದ್ದ ಆರೂ ಗಿಟಾರ್ ಕೊಯ್ದುಬಿಟ್ಟೆ," ಅಂದರು. "ಓದೊಂಗ್ ಚೆನ್ನಾಗಿ ಉರಿಯುತ್ತೆ, ಬೊಕ್‌ಹಿ. ಒಳ್ಳೇ ವಾಸನೆ. ಇದೊಂದು ಉಳೀತು. ಇದನ್ನ ವಾಪಸ್ ತಗೊಂಡು ಏನ್ಮಾಡ್ಲಿ, ನಿಂಗೇ ಇರ್ಲಿ. ಚೆನ್ನಾಗಿಲ್ಲ ಅಂದ್ರೂ ನಮ್ಮದೇ ಅಲ್ವಾ."

ಒಳ್ಳೆಯದೇ ಆಯಿತು ಅಂದುಕೊಂಡೆ. ವಾಪಸು ಕೇಳಿದರೆ ಏನು ಮಾಡುವುದೆಂದು ಸಾಹುಕಾರರು ಹೋದ ವಾರವೇ ಚಿಂತೆ ಮಾಡುತ್ತಿದ್ದರು.

"ಕೊಡೋದು ಕೊಡ್ತೀನಿ, ಹೀಗೆ ತುಕ್ಕು ತಂತೀಲಿ ಕೊಡಲ್ಲ. ಕೊನೇ ಸಲ ಕಟ್ಕೊಡ್ತೀನಿ, ತಾ." ಬೇಡ ಮೇಸ್ತ್ರಿ, ನಾನೇ ಕಟ್ಟುತ್ತೇನೆ ಅಂದೆ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದರೋ. ಕಟರ್ ಕೊಡು ಅಂದರು. ಡ್ರಾಯರ್ ಎಳೆದೆ. ಜೂನಿನಲ್ಲಿ ಅವರು ಕೊಟ್ಟ ಪೊಟ್ಟಣ ಕಟರಿನ ಪಕ್ಕದಲ್ಲೇ ಇತ್ತು, ಅಂಟು ಕೂಡ ಬಿಚ್ಚಿರಲಿಲ್ಲ. ಅದನ್ನು ನೋಡಿದರು. ಕಟರ್ ಮುಟ್ಟಲಿಲ್ಲ. ತಲೆಯ ಬಿರಡೆ ತಿರುಗಿಸಿ ಒಂದೊಂದೇ ತಂತಿ ಸಡಿಲಿಸಿ ಬಿಚ್ಚಿದರು. ಮೂಳೆಪಟ್ಟಿಯ ಮೇಲೆ ಬೆರಳಾಡಿಸಿದರು. ಆ ಬೆರಳಿಗೆ ಕೂದಲೆಳೆಯ ಎತ್ತರವೂ ಗೊತ್ತಾಗುತ್ತದೆ, ಅದನ್ನು ಮರೆತಿದ್ದೆ.

ಪಟ್ಟಿ ಎತ್ತಿದರು. ನಾಲ್ಕು ಮಡಿಕೆಯ ಕಾಗದ ಹೊರಬಂತು. ಬಿಡಿಸಿದರು. ದೂರ ಇಟ್ಟು, ಹತ್ತಿರ ತಂದು ಓದಿದರು, ಜೂನಿನಲ್ಲಿ ಓದಿದ ಹಾಗೆಯೇ.

ನಾನು ಏನೋ ಹೇಳಿದೆ. ಮಳೆಗಾಲ, ಹವೆ, ಹೀಗೆ ಏನೋ.

ಮೇಸ್ತ್ರಿ ಕಾರ್ಡನ್ನು ಹಳೇ ಗೆರೆಯಲ್ಲೇ ಮಡಿಸಿದರು. ನಾಲ್ಕು ಮಡಿಕೆ. ಇದ್ದ ಜಾಗದಲ್ಲೇ ಇಟ್ಟು ಮೇಲೆ ಪಟ್ಟಿ ಕೂರಿಸಿದರು. ಬಿಚ್ಚಿದ ತುಕ್ಕುತಂತಿಗಳನ್ನೇ ಒಂದೊಂದಾಗಿ ಮತ್ತೆ ಕಟ್ಟಿದರು, ಬಲಗಿವಿ ಹತ್ತಿರ ತಂದು ಶ್ರುತಿ ಮಾಡಿದರು. ಎಲ್ಲ ಮುಗಿಸಿ ಎದ್ದು, ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಬಾಗಿ ನನ್ನ ಮುಂದೆ ನೀಡಿದರು.

"ಮ್ಯಾನೇಜರ್ ಅವ್ರೇ, ದಯವಿಟ್ಟು ಪರೀಕ್ಷೆ ಮಾಡಿ. ಮೊದ್ಲು ಹೇಗಿತ್ತೋ ಹಾಗೇ ಕೂರ್ಸಿದೀನಿ. ನಿಮ್ಗೆ ಹೀಗೇ ಬೇಕಲ್ವಾ."

ಮೂವತ್ತಮೂರು ವರ್ಷದಲ್ಲಿ ಅವರು ನನ್ನನ್ನು ನೀವು ಅಂದಿರಲಿಲ್ಲ. ಬೈಯುವಾಗಲೂ ನೀನೇ. ಗೇಟಿನ ಹೊರಗೆ ನೂಡಲ್ಸ್ ಬಡಿಸುವಾಗಲೂ ತಿನ್ನೇ ಬೊಕ್‌ಹಿ ಅಂದವರು. ಎರಡು ಬೈಗುಳ ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಬಾಗಿದವರಿಗೆ ಬಾಗಬೇಕು, ನಾನೂ ಬಾಗಿದೆ. ತಲೆ ಎತ್ತುವಷ್ಟರಲ್ಲಿ ಹೊರಟುಹೋಗಿದ್ದರು.

ಜಗಳವಾಗಲಿಲ್ಲ, ಸದ್ಯ. ಗಿರಾಕಿಗಳಿದ್ದರು.

ಸೆಪ್ಟೆಂಬರ್ 27

ರಜೆ ಮುಗಿಯಿತು. ಕಡುಬು ಡಬ್ಬಿಯಲ್ಲೇ ಹಳಸಿತ್ತು, ಚೆಲ್ಲಿದೆ. ಡಬ್ಬಿ ಹೇಗೆ ವಾಪಸು ಕಳಿಸುವುದೋ, ವಿಳಾಸವಿಲ್ಲ. ಮೂಳೆಪಟ್ಟಿಯ ಕೆಳಗಿನ ಕಾರ್ಡು ತೆಗೆಯೋಣ ಅಂದುಕೊಂಡೆ. ಮಳೆಗಾಲವೂ ಮುಗಿದಿದೆ. ಆದರೆ ಅವರು ಅಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದಾರೆ. ಇವತ್ತು ಎರಡು ಹೋದವು.

ಅಕ್ಟೋಬರ್ 1, ಸೋಮವಾರ

ಇವತ್ತು ತಿಂಗಳ ಮೊದಲ ಸೋಮವಾರ. ಹನ್ನೊಂದು ಗಂಟೆಗೆ ಬಾಗಿಲ ಕಡೆ ನೋಡಿದೆ, ಅಭ್ಯಾಸ.

ಅಕ್ಟೋಬರ್ 22, ಸೋಮವಾರ

ನಿವೃತ್ತ ದಂತವೈದ್ಯರೊಬ್ಬರು ಬಂದಿದ್ದರು. ಮಾತಿನ ಮಲ್ಲ, ಆದರೆ ತೆಗೆದುಕೊಳ್ಳುವ ಗಿರಾಕಿ ಎಂದು ಕಂಡಕೂಡಲೇ ಗೊತ್ತಾಯಿತು. ಸಾಹುಕಾರರು ದೊಡ್ಡಕ್ಕನನ್ನು ಕರೆಯಿರಿ ಅಂದರು, ಕರೆದೆ.

ನುಡಿಸುವ ಬದಲು ಅವರು ಭುಜದ ಹತ್ತಿರದ ತೂತಿಗೆ ಕಣ್ಣಿಟ್ಟರು. "ಎಲ್ಲಿ ತೂತು ಕಂಡ್ರೂ ನೋಡೋ ಚಟ ನಂಗೆ, ನಲವತ್ತು ವರ್ಷದ್ದು," ಅಂತ ನಕ್ಕು ಮೊಬೈಲಿನ ಬೆಳಕು ಒಳಗೆ ಬಿಟ್ಟರು. "ಅರೆ, ಒಳಗೇನೋ ಬರ್ದಿದೆಯಲ್ಲ, ಪೆನ್ಸಿಲ್‌ನಲ್ಲಿ."

ನಾನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಒಳಗೆ ಬೆಳಕು ಬಿಟ್ಟು ನೋಡಿರಲಿಲ್ಲ. ನೋಡುವುದಕ್ಕೇನಿದೆ.

ನಿಧಾನವಾಗಿ, ರೋಗಿಯ ಹಲ್ಲು ಎಣಿಸುವವರ ಹಾಗೆ ಓದಿದರು. "ಮಾಡಿದವರು, ಪ್ಯೊ. ಕೇಳಿದವರು..." ಬೆಳಕು ಸರಿಸಿದರು. "ಕೇಳಿದವರು, ಬೊಕ್‌ಹಿ. ಏನಿದು ಕೇಳಿದವರು ಅಂದ್ರೆ? ಯಾರು ಇವ್ರು?"

ಮಾರ್ಚಿನಲ್ಲಿ ಮೇಸ್ತ್ರಿ ಇದನ್ನು ನನ್ನ ಹತ್ತಿರ ತರುವುದಕ್ಕೂ ಮುಂಚೆ, ನಾನು ಒಂದು ಸ್ವರ ಕೇಳುವುದಕ್ಕೂ ಮುಂಚೆ ಬರೆದಿಟ್ಟಿದ್ದರು. ಹಲಗೆ ಮುಚ್ಚಿದ ಮೇಲೆ ಅಲ್ಲಿ ಬರೆಯಲು ಕೈ ಹೋಗುವುದಿಲ್ಲ.

"ಗೊತ್ತಿಲ್ಲ, ಸರ್," ಅಂದೆ. "ಯಾವ್ದೋ ಹಳೇ ಕಾರ್ಖಾನೆಯೋರು. ಇದು ಬಿಡಿ, ಮೇಕರ್ ಇಲ್ಲ. ಇದನ್ನ ನೋಡಿ."

ಗೋಡೆಯ ಮೇಲಿನ ಸಾಲಿನದ್ದನ್ನು ಇಳಿಸಿ ಕೊಟ್ಟೆ. ನುಡಿಸಿದರು. ಹುಬ್ಬು ಮೇಲೇರಿತು. ತೆಗೆದುಕೊಂಡರು. ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ಬಂದರು. ಮತ್ತೇನಾದರೂ ಬೇಕಾದರೆ ನಿಮ್ಮನ್ನೇ ಕೇಳಿಕೊಂಡು ಬರುತ್ತೇನೆ, ನಿಮ್ಮದೊಂದು ಕಾರ್ಡು ಕೊಡಿ ಅಂದರು.

ಡ್ರಾಯರಿನಲ್ಲಿ ಪೂರ್ತಿ ಒಂದು ಪೆಟ್ಟಿಗೆ ಇತ್ತು. ಮುಗಿದುಹೋಗಿದೆ ಸರ್, ಅಂದೆ.